ಡೇಟ್ ಸರಿಮಾಡಿದ ಮೇಲೆ ಲೈಸೆನ್ಸ್ ಯಾಕೆ ಕೈಕೊಟ್ಟಿತು?

ನೀವು ಕೇಳಿದ್ದು ಇಷ್ಟು: ಕಂಪ್ಯೂಟರಿನ ಡೇಟ್ ತಪ್ಪಾಗಿತ್ತು, ಸರಿಮಾಡಿದಿರಿ, ಅಂದಿನಿಂದ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ 'ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾಗಿದೆ' ಎಂದು ಹಟ ಹಿಡಿದಿದೆ. ನೀವು ಬರೆಯದೆ ಬಿಟ್ಟ ಒಂದು ವಿಷಯ ಇದೆ. ತಪ್ಪಾಗಿದ್ದ ಡೇಟ್ ಹಿಂದಿನದಾ, ಮುಂದಿನದಾ? ನನ್ನ ಊಹೆ, ಮುಂದಿನದು.

ಯಾಕೆ ಅಂದರೆ, ಲೈಸೆನ್ಸ್ ಬರೀ ಇವತ್ತಿನ ಡೇಟನ್ನು ನೋಡಿ ಸುಮ್ಮನಾಗುವುದಿಲ್ಲ. ಹಾಗಿದ್ದಿದ್ದರೆ 30 ದಿನದ ಟ್ರಯಲ್ಲನ್ನು ಡೇಟ್ ತಿರುಗಿಸಿ ತಿರುಗಿಸಿ ಮೂರು ವರ್ಷ ಓಡಿಸಬಹುದಿತ್ತು. (ಕಾಲೇಜಿನಲ್ಲಿ ನಾನೂ ಆ ಕೆಲಸ ಮಾಡಿದವನೇ.) ಅದಕ್ಕೇ ಎಷ್ಟೋ ಪ್ರೋಗ್ರಾಂಗಳು ಪ್ರತಿ ಸಲ ತೆರೆದಾಗಲೂ ಆ ದಿನವನ್ನು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲೋ ಎಲ್ಲೋ ಅಡಗಿಸಿಟ್ಟ ಫೈಲಿನಲ್ಲೋ ಬರೆದಿಡುತ್ತವೆ. ಮುಂದಿನ ಸಲ ಸಿಸ್ಟಂ ಡೇಟ್ ಅದಕ್ಕಿಂತ ಹಳೆಯದಾಗಿ ಕಂಡರೆ, ಮೋಸ ನಡೆದಿದೆ ಎಂದು ಬಾಗಿಲು ಹಾಕಿಕೊಳ್ಳುತ್ತವೆ.

ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ಓಡಿಸುವ ಮದರ್‌ಬೋರ್ಡಿನ ಸೆಲ್ ಸತ್ತರೆ ಡೇಟ್ ಸಾಮಾನ್ಯವಾಗಿ ಹಳೆಯ ಇಸವಿಗೆ ಜಾರುತ್ತದೆ. ಆಗಲೂ ಪ್ರೋಗ್ರಾಂ ಮುನಿಸಿಕೊಳ್ಳುತ್ತದೆ, ಆದರೆ ಡೇಟ್ ಸರಿಹೋದರೆ ಬಹುತೇಕ ಅದೂ ಸರಿಹೋಗುತ್ತದೆ. ಮುಂದಕ್ಕೆ ಹೋದರೆ ಕಥೆಯೇ ಬೇರೆ.

ನಾನು ಸಣ್ಣಪುಟ್ಟ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. 2023ರಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಸೆಲ್ ಬದಲಿಸಿದ ಹುಡುಗ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಇಸವಿಯನ್ನು 2032 ಎಂದು ಒತ್ತಿಬಿಟ್ಟ. ಸೆಲ್ಲಿನ ಮೇಲೆ ಇದ್ದ ಸಿಆರ್2032 ಎಂಬ ಮಾಡೆಲ್ ನಂಬರನ್ನೇ ನೋಡಿ ಒತ್ತಿದನೋ ಏನೋ! ಆಫೀಸಿನವರು ಅಕೌಂಟ್ಸ್ ಪ್ಯಾಕೇಜ್ ತೆರೆದರು. ಲೈಸೆನ್ಸ್ ಮುಗಿದಿದೆ ಎಂದಿತು. ಡೇಟ್ ಸರಿಮಾಡಿದರೆ, ಗಡಿಯಾರ ಹಿಂದಕ್ಕೆ ಹೋಗಿದೆ ಎಂದಿತು. ಅದರ ಪಾಲಿಗೆ 2032 ಬಂದು ಹೋಗಿತ್ತು, ಅಲ್ವಾ? ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ, ಆ ಗುರುತು ಹೋಗಲಿಲ್ಲ. ಕೊನೆಗೆ ಕಂಪನಿಯವರು ಲೈಸೆನ್ಸ್ ರೀಸೆಟ್ ಮಾಡಿಕೊಟ್ಟಾಗ ಎರಡು ದಿನ ಕಳೆದಿತ್ತು. ಅದೂ ರಿಟರ್ನ್ ಹಾಕುವ ಕೊನೆಯ ವಾರ.

ಕಾಲೇಜು ಲ್ಯಾಬುಗಳಲ್ಲಿ, ಡಿಸೈನ್ ಕಂಪನಿಗಳಲ್ಲಿ ಇರುವ ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ ಇದಕ್ಕೆಂದೇ ಒಂದು ಎರರ್ ನಂಬರ್ ಇದೆ, ಮೈನಸ್ 88. ಅದು ಸಿಸ್ಟಂ ಫೋಲ್ಡರುಗಳ ಫೈಲುಗಳನ್ನೂ ನೋಡುತ್ತದೆ. ತಪ್ಪು ಡೇಟಿನಲ್ಲಿ ಅಲ್ಲಿ ಸೇವ್ ಆದ ಒಂದೇ ಒಂದು ಫೈಲ್ ಮುಂದಿನ ಇಸವಿ ಹೊತ್ತು ಕೂತಿದ್ದರೂ ಸಾಕು, ತಕರಾರು ಶುರು. ಅಂಥ ಫೈಲುಗಳನ್ನು ಹುಡುಕಿ ಅವುಗಳ ಡೇಟನ್ನು ಇವತ್ತಿಗೆ ತರಬೇಕು. ನಿಮ್ಮದೂ ಇಂಥದ್ದೇ ಆಗಿದ್ದರೆ ಮೊದಲು ಇದನ್ನೇ ನೋಡಿ.

ಹಾಗಂತ ತಪ್ಪು ಯಾವಾಗಲೂ ನಮ್ಮದೇ ಅಲ್ಲ. 2008ರ ಆಗಸ್ಟ್ 12ರಂದು ವಿಎಂವೇರ್ ಕಂಪನಿಯ ಇಎಸ್‌ಎಕ್ಸ್ 3.5 ಅಪ್‌ಡೇಟ್ 2 ಎಂಬ ಸರ್ವರ್ ಸಾಫ್ಟ್‌ವೇರ್ ಹಾಕಿಕೊಂಡಿದ್ದವರಿಗೆ ವರ್ಚುವಲ್ ಮೆಷಿನ್‌ಗಳೇ (ಒಂದೇ ಸರ್ವರಿನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಕಂಪ್ಯೂಟರುಗಳು) ಆನ್ ಆಗಲಿಲ್ಲ. ಬಿಡುಗಡೆಗೆ ಮುಂಚಿನ ಆವೃತ್ತಿಗೆ ಇಟ್ಟಿದ್ದ ಗಡುವಿನ ಕೋಡನ್ನು ತೆಗೆಯಲು ಮರೆತಿದ್ದರು. ಲೈಸೆನ್ಸ್ ಇದ್ದವರಿಗೂ ಅವಧಿ ಮುಗಿದಿದೆ ಎಂದಿತು. ಪ್ಯಾಚ್ ಬರುವ ತನಕ ಇದ್ದ ಉಪಾಯ ಏನು ಗೊತ್ತಾ? ಸರ್ವರಿನ ಡೇಟನ್ನು ಆಗಸ್ಟ್ 10ಕ್ಕೆ ಹಿಂದಿಡುವುದು! ಕಂಪನಿಯ ಆಗಿನ ಸಿಇಒ ಪಾಲ್ ಮಾರಿಟ್ಜ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಈಗ ನೀವು ಮಾಡಬೇಕಾದದ್ದು. ಸೆಲ್ ಸತ್ತಿದ್ದರೆ ಬದಲಿಸಿ. ಬಯೋಸ್‌ನಲ್ಲೇ ಇಸವಿ ಸರಿಮಾಡಿ, ಎರಡು ಸಲ ನೋಡಿಕೊಳ್ಳಿ. ವಿಂಡೋಸ್ ತಾನೇ ಇಂಟರ್‌ನೆಟ್‌ನಿಂದ ಸರಿಮಾಡಿಕೊಳ್ಳುತ್ತದೆ ಎಂದು ಸುಮ್ನೆ ಕೂರಬೇಡಿ. ಮನೆಯ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ತಾನಾಗಿ ತಿದ್ದುವುದಿಲ್ಲ. ಡೇಟ್ ತಪ್ಪಿದ್ದರೆ ಆನ್‌ಲೈನ್ ಆಕ್ಟಿವೇಶನ್ನೂ ಸಿಕ್ಕಿಹಾಕಿಕೊಳ್ಳುತ್ತದೆ, ಏಕೆಂದರೆ ಸೈಟ್ ಅಸಲಿಯೇ ಎಂದು ಕಂಪ್ಯೂಟರ್ ನೋಡಿಕೊಳ್ಳುವ ವೆಬ್‌ಸೈಟ್ ಸರ್ಟಿಫಿಕೇಟುಗಳಿಗೂ ಅವಧಿ ಇರುತ್ತದೆ.

ಇಷ್ಟರ ಮೇಲೂ ತೆರೆಯದಿದ್ದರೆ ರಿಜಿಸ್ಟ್ರಿಗೆ ಕೈ ಹಾಕಬೇಡಿ, ಕಂಪನಿಗೆ ಬರೆಯಿರಿ. ಯಾವ ದಿನ ಯಾವ ಇಸವಿ ತೋರಿಸುತ್ತಿತ್ತು, ಸೆಲ್ ಯಾವಾಗ ಬದಲಿಸಿದಿರಿ ಎಂದು ಇದ್ದದ್ದು ಇದ್ದಂತೆ ಹೇಳಿ, ಬಿಲ್ಲಿನ ಪ್ರತಿಯನ್ನೂ ಜೊತೆಗಿಡಿ. ಬೇರೆ ಲೈಸೆನ್ಸ್ ಇರುವ ಪ್ರೋಗ್ರಾಂಗಳು ಅದೇ ಕಂಪ್ಯೂಟರಿನಲ್ಲಿದ್ದರೆ, ಡೇಟ್ ಸರಿಯಿದೆ ಎಂದು ಖಾತ್ರಿಯಾಗುವ ತನಕ ಅವನ್ನು ತೆರೆಯಲೇಬೇಡಿ.