ಜೇಮ್ಸ್ ಬಚ್ಚಿಟ್ಟದ್ದು ಯಾವುದನ್ನು? – ಸಂಪಾದಕರ ಉತ್ತರ

ಮಾನ್ಯರೇ,

‘ಸೈಲೆಂಟ್ ಹಿಲ್ 2’ ಎಂಬ ಭಯಾನಕ ವಿಡಿಯೊ ಆಟದ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಕಥಾನಾಯಕ ಜೇಮ್ಸ್ ಸಂಡರ್‌ಲ್ಯಾಂಡ್ ಹೆಂಡತಿಯನ್ನು ಕೊಂದವನು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದು ಸರಿಯಲ್ಲ ಎನ್ನುತ್ತೀರಿ. ಆಟ ಶುರುವಾಗುವ ಮೊದಲೇ ಅವನು ಸತ್ತಿದ್ದಾನೆ, ಸೈಲೆಂಟ್ ಹಿಲ್ ಎಂಬ ಆ ಊರಿನಲ್ಲಿ ಮತ್ತೆ ಮತ್ತೆ ಅದೇ ದಾರಿ ತುಳಿಯುವುದೇ ಅವನ ಶಿಕ್ಷೆ ಎಂಬ ಅಭಿಮಾನಿಗಳ ವಾದವನ್ನು ಲೇಖಕರು ಮುಟ್ಟಲೇ ಇಲ್ಲ ಎಂಬುದು ತಮ್ಮ ಆಕ್ಷೇಪ. ಅದರ ಬಗ್ಗೆ ತಾವೇ ಒಂದು ಲೇಖನ ಕಳುಹಿಸಬಹುದೇ ಎಂದೂ ಕೇಳಿದ್ದೀರಿ. ಆಟವನ್ನು ಇನ್ನೂ ಮುಗಿಸದ ಓದುಗರು ಇಲ್ಲಿಗೇ ನಿಲ್ಲಿಸುವುದು ಲೇಸು, ಏಕೆಂದರೆ ಮುಂದೆ ಗುಟ್ಟೆಂಬುದು ಉಳಿಯುವುದಿಲ್ಲ.

ಕೊನಾಮಿ ಸಂಸ್ಥೆ 2001ರಲ್ಲಿ ಹೊರತಂದ ಈ ಆಟದಲ್ಲಿ, ಮೂರು ವರ್ಷಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡ ಹೆಂಡತಿ ಮೇರಿಯ ಹೆಸರಿನಲ್ಲಿ ಬಂದ ಪತ್ರವನ್ನು ಹಿಡಿದು ಜೇಮ್ಸ್ ಆ ಊರಿಗೆ ಬರುತ್ತಾನೆ. ಲೇಕ್‌ವ್ಯೂ ಹೋಟೆಲಿನ 312ನೇ ಕೋಣೆಯಲ್ಲಿ ವಿಡಿಯೊ ಟೇಪ್ ಓಡಿದಾಗ, ಅವನೇ ದಿಂಬಿನಿಂದ ಮೇರಿಯ ಉಸಿರುಗಟ್ಟಿಸಿದ್ದು ಬಯಲಾಗುತ್ತದೆ. ಆದರೆ ಅವನ ಲೆಕ್ಕ ತಪ್ಪುವುದು ಟೇಪಿಗಿಂತ ಮೊದಲೇ. ಅದೇ ಹೋಟೆಲಿನಲ್ಲಿ ಲಾರಾ ಎಂಬ ಹುಡುಗಿ ಮೇರಿ ತನಗೆ ಬರೆದ ಪತ್ರವನ್ನು ಅವನಿಗೆ ತೋರಿಸುತ್ತಾಳೆ. ಅದರಲ್ಲಿ ಅವಳ ಎಂಟನೆಯ ಹುಟ್ಟುಹಬ್ಬಕ್ಕೆ ಹಾರೈಕೆಯಿದೆ. ನಿನಗೀಗ ಎಷ್ಟು ವರ್ಷ ಎಂದು ಅವನು ಕೇಳುತ್ತಾನೆ. ಅವಳಿಗೆ ಎಂಟು ತುಂಬಿದ್ದು ಹೋದ ವಾರ. ಹಾಗಾದರೆ ಮೇರಿ ಮೂರು ವರ್ಷಗಳ ಹಿಂದೆ ಸತ್ತಿರಲು ಸಾಧ್ಯವೇ ಇಲ್ಲ.

ಅಭಿಮಾನಿಗಳ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸುವುದು ಈ ಹುಟ್ಟುಹಬ್ಬದಿಂದಲೇ ಹೊರಟದ್ದು. ಮೂರು ವರ್ಷವೆಂಬುದು ಮೇರಿ ಹಾಸಿಗೆ ಹಿಡಿದು ಕಳೆದ ಕಾಲ, ಸಾವು ತೀರಾ ಇತ್ತೀಚಿನದು, ಆಟದ ಮೊದಲ ದೃಶ್ಯದಲ್ಲಿ ನಿಂತಿರುವ ಕಾರಿನೊಳಗೇ ಅವಳ ಶವವೂ ಇದೆ ಎನ್ನುತ್ತದೆ ಅದು. ಆಟಕ್ಕಿರುವ ಹಲವು ಅಂತ್ಯಗಳಲ್ಲಿ ಒಂದರಲ್ಲಿ ಜೇಮ್ಸ್ ಮೇರಿಯ ಶವವನ್ನು ದೋಣಿಯಲ್ಲಿಟ್ಟುಕೊಂಡು ಟೊಲುಕಾ ಸರೋವರದಲ್ಲಿ ಹುಟ್ಟು ಹಾಕುತ್ತಾನೆ. ಆ ಶವ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಈ ವಾದದ ಬಳಿ ಉತ್ತರವಿದೆ. ಅವನ ಚೀಲದಲ್ಲಿದ್ದ ಪತ್ರದ ಅಕ್ಷರಗಳು ಆಟ ಮುಂದುವರಿದಂತೆ ಅಳಿಸಿಹೋಗುವುದೂ ಇದಕ್ಕೇ ಒದಗುತ್ತದೆ.

ತಾವು ಮೆಚ್ಚಿದ ಪುನರಾವರ್ತನೆಯ ವಾದಕ್ಕೂ ಆಧಾರವಿಲ್ಲದಿಲ್ಲ. ದಾರಿಯಲ್ಲಿ ಸಿಗುವ ಹೆಣಗಳಲ್ಲಿ ಕೆಲವು ಜೇಮ್ಸ್‌ನನ್ನೇ ಹೋಲುತ್ತವೆ. ಬ್ಲೂಬರ್ ಟೀಮ್ ಎಂಬ ಆಟ ತಯಾರಿಕಾ ಸಂಸ್ಥೆ 2024ರಲ್ಲಿ ಮಾಡಿದ ರಿಮೇಕ್‌ನಲ್ಲಿ ಅಲ್ಲಲ್ಲಿ ಸಿಗುವ 26 ವಿಚಿತ್ರ ಫೋಟೊಗಳಲ್ಲಿನ ವಸ್ತುಗಳನ್ನು ಎಣಿಸಿ ಅಕ್ಷರಗಳನ್ನು ಜೋಡಿಸಿದರೆ, ನೀನು ಇಲ್ಲಿಗೆ ಬಂದು ಎರಡು ದಶಕಗಳಾದವು ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಸಿಗುತ್ತದೆ. ತಾವು ಇದನ್ನು ಜೇಮ್ಸ್‌ನಿಗೆ ಹೇಳಿದ ಮಾತೆಂದು ಓದಿದ್ದೀರಿ. ಇಪ್ಪತ್ತು ವರ್ಷಗಳಿಂದ ಈ ಆಟವನ್ನು ಬಿಡದ ಅಭಿಮಾನಿಗಳಿಗೆ ತಯಾರಕರು ಹಾಕಿದ ನಮಸ್ಕಾರವೆಂದು ನಾನು ಓದುತ್ತೇನೆ. ಎರಡನ್ನೂ ಒಟ್ಟಿಗೆ ಒಪ್ಪಬಹುದು, ತಕರಾರಿಲ್ಲ.

ನನ್ನ ತಕರಾರು ಬೇರೆಡೆ ಇದೆ. ಜೇಮ್ಸ್ ಮೊದಲೇ ಸತ್ತಿದ್ದಾನೆಂದರೆ ಅವನ ಪಾಪದ ಲೆಕ್ಕ ಮುಗಿದಂತಾಗುತ್ತದೆ; ಆಟವಾದರೋ ಆ ಲೆಕ್ಕವನ್ನು ಆಟಗಾರರ ಕೈಯಿಂದಲೇ ಬರೆಸುತ್ತದೆ. ಊರಿನಲ್ಲಿ ಎದುರಾಗುವ ಏಂಜೆಲಾ ಎಂಬ ಯುವತಿ ಕೊಟ್ಟ ಚಾಕುವನ್ನು ಪದೇ ಪದೇ ತೆಗೆದು ನೋಡುತ್ತ, ಗಾಯಕ್ಕೆ ಔಷಧ ಮಾಡಿಕೊಳ್ಳದೆ ನಡೆದರೆ, ಅವನು ಸರೋವರದಲ್ಲಿ ಮುಳುಗುವ ಅಂತ್ಯದತ್ತ ಆಟ ವಾಲುತ್ತದೆ. ಮೇರಿಯ ಫೋಟೊ ಮತ್ತು ಪತ್ರವನ್ನು ಆಗಾಗ ತೆರೆದು, ಕೊನೆಯ ಪಡಸಾಲೆಯಲ್ಲಿ ಕೇಳಿಬರುವ ಅವಳ ಮಾತನ್ನು ಪೂರ್ತಿ ಆಲಿಸಿದರೆ, ಊರು ಬಿಟ್ಟು ಹೊರಡುವ ದಾರಿ ತೆರೆದುಕೊಳ್ಳುತ್ತದೆ. ಅವನು ಬದುಕಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದಾಗ ಮಾತ್ರ ಈ ಏರ್ಪಾಡಿಗೆ ಅರ್ಥವಿದೆ.

ಬಚ್ಚಿಟ್ಟ ಪಾಪವೆಂದರೆ ಕೊಲೆಯೊಂದೇ ಎಂದು ನಮ್ಮ ಲೇಖಕರೂ ಹೇಳಿಲ್ಲ. ಅವಳ ನರಳಾಟ ನೋಡಲಾಗದೆ ಹಾಗೆ ಮಾಡಿದೆ ಎಂದ ಜೇಮ್ಸ್, ಮರುಕ್ಷಣವೇ ಅದು ನಿಜವಲ್ಲ, ತನ್ನ ಬದುಕನ್ನು ಕಸಿದುಕೊಂಡಳೆಂದು ಒಳಗೊಳಗೇ ಅವಳನ್ನು ದ್ವೇಷಿಸುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತಾನೆ. ವರ್ಷಗಟ್ಟಲೆ ರೋಗಿಯ ಮಗ್ಗುಲಲ್ಲಿ ಕುಳಿತವರಿಗೆ ಆ ದ್ವೇಷದ ಪರಿಚಯ ಇರುತ್ತದೆ, ಹೇಳಿಕೊಳ್ಳುವವರು ಕಡಿಮೆ. ತನ್ನನ್ನು ಶಿಕ್ಷಿಸುವವರೊಬ್ಬರು ಬೇಕಾಗಿದ್ದರಿಂದಲೇ ಪಿರಮಿಡ್ ಹೆಡ್ ಎಂಬ, ಪಿರಮಿಡ್ಡಿನಂಥ ತಲೆಯ ರಾಕ್ಷಸ ಬೇಕಾಯಿತು ಎಂದು ಅವನೇ ಹೇಳುವಾಗ, ಮುಚ್ಚಿಟ್ಟದ್ದು ಕೃತ್ಯವನ್ನೋ ಆ ದ್ವೇಷವನ್ನೋ ಎಂದು ಮತ್ತೆ ಕೇಳಬೇಕಾಗುತ್ತದೆ. ಅಭಿಮಾನಿಗಳು ಇಲ್ಲಿ ಇನ್ನಷ್ಟು ಅಗೆಯಲಿ ಎಂಬುದು ನನ್ನ ಆಸೆ.

ಲೇಖನವನ್ನು ಅವಶ್ಯ ಕಳುಹಿಸಿ. ಆದರೆ ಲಾರಾಳನ್ನು ಮರೆಯಬೇಡಿ. ಆ ಊರಿನಲ್ಲಿ ಜೇಮ್ಸ್ ಎದುರಿಸುವ ರಾಕ್ಷಸರಲ್ಲಿ ಒಬ್ಬನೂ ಅವಳ ಕಣ್ಣಿಗೆ ಬೀಳುವುದಿಲ್ಲ. ಕಂಬಿಗಳ ಆಚೆ ಬಿದ್ದ ಬೀಗದ ಕೈಗೆ ಜೇಮ್ಸ್ ಕೈಚಾಚಿದಾಗ ಅವನ ಕೈಯನ್ನೇ ತುಳಿದು, ಕೀಲಿಯನ್ನು ಒದ್ದು ಓಡಿಹೋಗುವ ಈ ತುಂಟ ಹುಡುಗಿಯ ಪಾಲಿಗೆ ಅದು ಬರಿಯ ಖಾಲಿ ಊರು. ಜೇಮ್ಸ್ ಪ್ರೇತವಾಗಿದ್ದರೆ ಜೀವಂತ ಹುಡುಗಿ ಅವನ ಕೈಯನ್ನು ಹೇಗೆ ತುಳಿದಳು ಎಂಬುದಕ್ಕೆ ಲೇಖನದ ಮೊದಲ ಪುಟದಲ್ಲೇ ಉತ್ತರವಿದ್ದರೆ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಮಾಡಿಕೊಡುತ್ತೇವೆ.

– ಸಂಪಾದಕ