ಯಾರಿಗೂ ಹೇಳಬೇಡಿ ಎಂದವನ ವಿಷಯ ಕಾಲೇಜಿಗೆ ತಿಳಿಸಬಹುದೇ?

ಪ್ರಶ್ನೆ: ನಾನು ಆಕ್ಸ್‌ಫರ್ಡ್‌ನ ಕಾಲೇಜೊಂದರಲ್ಲಿ ಮೂರನೇ ವರ್ಷದ ಡಿ.ಫಿಲ್. (ಪಿಎಚ್.ಡಿ.ಗೆ ಆಕ್ಸ್‌ಫರ್ಡ್‌ನ ಹೆಸರು) ವಿದ್ಯಾರ್ಥಿನಿ. ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಘವಾದ ಮಿಡಲ್ ಕಾಮನ್ ರೂಮ್‌ಗೆ, ಅಂದರೆ ಎಂಸಿಆರ್‌ಗೆ, ಈ ವರ್ಷ ನನ್ನನ್ನು ವೆಲ್‌ಫೇರ್ ಆಫೀಸರ್, ಅಂದರೆ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವವಳು, ಆಗಿ ಆರಿಸಿದ್ದಾರೆ. ವಾರಕ್ಕೊಂದು ಚಹಾಕೂಟ ಏರ್ಪಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ನಮ್ಮ ಮಹಡಿಯಲ್ಲೇ ಇರುವ, ಕರ್ನಾಟಕದಿಂದಲೇ ಬಂದ ಎರಡನೇ ವರ್ಷದ ಸಂಶೋಧಕನೊಬ್ಬ ಬೇಸಿಗೆಯಿಂದ ಲ್ಯಾಬಿಗೆ ಹೋಗಿಲ್ಲ. ಗೈಡ್ ಕಳಿಸುವ ಇಮೇಲುಗಳನ್ನು ತೆರೆಯುವುದನ್ನೂ ಬಿಟ್ಟಿದ್ದಾನೆ. ಮನೆಯವರಿಗೆ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ಮೊನ್ನೆ ರಾತ್ರಿ, "ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತೆ ಅನ್ನಿಸುತ್ತೆ" ಎಂದ. ಹಾಗೆಯೇ, "ಕಾಲೇಜಿಗೆ ಗೊತ್ತಾದರೆ ಗೈಡಿಗೆ ಗೊತ್ತಾಗುತ್ತೆ, ಗೈಡಿಗೆ ಗೊತ್ತಾದರೆ ವೀಸಾ ಹೋಗುತ್ತೆ, ಯಾರಿಗೂ ಹೇಳಬೇಡಿ ಅಕ್ಕಾ" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ. ಈಗ ನನಗೂ ನಿದ್ದೆಯಿಲ್ಲ. ಅಧ್ಯಾಯ ಬರೆಯಲು ಕುಳಿತರೆ ಫೋನನ್ನೇ ನೋಡುತ್ತಿರುತ್ತೇನೆ. ಒಂದು ವರ್ಷದ ಮಾಸ್ಟರ್ಸ್ ಮುಗಿಸಿದ ನನ್ನ ಸ್ನೇಹಿತರೆಲ್ಲ ಹೊರಟುಹೋಗಿದ್ದಾರೆ, ಕಾಮನ್ ರೂಮಿನ ತುಂಬ ಹೊಸ ಮುಖಗಳು. ಮಾತು ಮುರಿಯಲೇ, ಅಥವಾ ರಾಜೀನಾಮೆ ಕೊಟ್ಟು ಸುಮ್ಮನಾಗಲೇ?
ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಒಂದು ಮಾತು ಕಾಯುವಂಥದ್ದಾಗಿರಲಿಲ್ಲ. ಆದ್ದರಿಂದ ಅದಕ್ಕೆ ಸಂಬಂಧಿಸಿದ ಉತ್ತರವನ್ನು ಪತ್ರ ಕೈ ಸೇರಿದ ದಿನವೇ ನಿಮಗೆ ಕಳುಹಿಸಿದ್ದೇನೆ. ಇಂಥದೇ ಇಕ್ಕಟ್ಟಿನಲ್ಲಿರುವ ಬೇರೆಯವರಿಗೂ ಬೇಕಾದೀತು ಎಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. "ಬೆಳಿಗ್ಗೆ ಏಳದೇ ಇದ್ದರೆ" ಎಂಬುದನ್ನು ದಣಿದವರ ಮಾತೆಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬರುತ್ತಿದೆಯೇ, ಹೇಗೆ ಯಾವಾಗ ಎಂದೂ ಯೋಚಿಸಿದ್ದುಂಟೇ ಎಂದು ಆತನನ್ನು ಸುತ್ತಿ ಬಳಸದೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಅದು ನಿಜವಲ್ಲ, ನೇರವಾಗಿ ಕೇಳಿದಾಗ ಹೆಚ್ಚಿನವರಿಗೆ ಆಗುವುದು ಹೇಳಿಕೊಳ್ಳಲು ಅವಕಾಶ ಸಿಕ್ಕಿತಲ್ಲ ಎಂಬ ನಿರಾಳ. ಉತ್ತರ ಹೌದಾಗಿದ್ದರೆ ಆತನನ್ನು ಒಬ್ಬನನ್ನೇ ಬಿಟ್ಟು ಬರಬೇಡಿ. ಜೀವಕ್ಕೆ ಆ ಕ್ಷಣದ ಅಪಾಯವಿದ್ದರೆ ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕು; ಅಷ್ಟು ತುರ್ತಿಲ್ಲದಿದ್ದರೂ ಬೆಳಗಿನ ತನಕ ಕಾಯುವುದು ಸರಿಯಲ್ಲ ಎನಿಸಿದರೆ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯಕ್ಕೆಂದು ಇರುವ 2ನೇ ಆಯ್ಕೆಯನ್ನು ಒತ್ತಬೇಕು; 116 123ರಲ್ಲಿ ಸಮಾರಿಟನ್ಸ್‌ನ ಸ್ವಯಂಸೇವಕರು ಯಾವ ಹೊತ್ತಿನಲ್ಲೂ ಉಚಿತವಾಗಿ ಮಾತಿಗೆ ಸಿಗುತ್ತಾರೆ. ಕಾಲೇಜಿನ ಬಾಗಿಲ ಬಳಿಯ ಲಾಡ್ಜ್‌ನಲ್ಲಿರುವ ಪೋರ್ಟರ್‌ಗೆ, ಅಂದರೆ ಕಾವಲು ಸಿಬ್ಬಂದಿಗೆ, ತಿಳಿಸಿದರೆ ಆ ರಾತ್ರಿಯ ಪಾಳಿಯಲ್ಲಿರುವ ಜೂನಿಯರ್ ಡೀನ್ ಅವರನ್ನು ಕರೆಸುತ್ತಾರೆ. ಆ ಗಂಭೀರ ಪದವಿಯ ಹಿಂದೆ ಇರುವವರು ಬಹುಮಟ್ಟಿಗೆ ನಿಮ್ಮ ಹಾಗೆಯೇ ಥೀಸಿಸ್ ಮುಗಿಸಲು ಒದ್ದಾಡುತ್ತಿರುವ ಇನ್ನೊಬ್ಬ ಸಂಶೋಧಕರು. ಅವರನ್ನು ಕರೆಯಲು ಹಿಂಜರಿಯಬೇಕಾಗಿಲ್ಲ.

ಇನ್ನು ಕೊಟ್ಟ ಭಾಷೆಯ ವಿಚಾರ. ಆತ ನಿಮ್ಮಿಂದ ಕೇಳಿದ್ದು ಊರಿಗೆಲ್ಲ ಹಬ್ಬಿಸಬೇಡಿ ಎಂಬುದನ್ನು. ನೀವು ಕೊಟ್ಟದ್ದು ಮಾತ್ರ ಯಾವ ವೈದ್ಯರ ಕಿವಿಗೂ ಬೀಳದಂತೆ ನೋಡಿಕೊಳ್ಳುತ್ತೇನೆ ಎಂಬ ಭರವಸೆ. ಅಷ್ಟು ದೊಡ್ಡ ಭರವಸೆ ಕೊಡುವ ಅಧಿಕಾರ ವೆಲ್‌ಫೇರ್ ಆಫೀಸರ್‌ಗೆ ಇಲ್ಲ, ಆಪ್ತಸಮಾಲೋಚಕರೂ ಅದನ್ನು ಕೊಡುವುದಿಲ್ಲ: ಜೀವಕ್ಕೆ ಅಪಾಯವಿದೆ ಎಂದು ಕಂಡಾಗ ಗುಟ್ಟು ಕಾಪಾಡುವುದಕ್ಕೆ ಮಿತಿಯುಂಟು ಎಂದು ಅವರು ಮೊದಲ ಭೇಟಿಯಲ್ಲೇ ತಿಳಿಸುತ್ತಾರೆ. ಆದರೆ ಆತನ ಬೆನ್ನ ಹಿಂದೆ ಹೋಗಿ ಹೇಳುವುದು ಬೇಡ. ಮತ್ತೆ ಆತನ ಮುಂದೆ ಕುಳಿತು, "ನಾನು ಅವತ್ತು ಕೊಟ್ಟ ಮಾತನ್ನು ಹಾಗೇ ಇಟ್ಟುಕೊಳ್ಳುವುದಕ್ಕೆ ಆಗುತ್ತಿಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದನ್ನು ನೀನೇ ಆರಿಸು, ನಾನು ಜೊತೆಗೆ ಬರುತ್ತೇನೆ" ಎನ್ನಿ. ಬೇಸಿಗೆಯಿಂದ ಯಾವುದನ್ನೂ ನಿರ್ಧರಿಸಲಾಗದೆ ಕುಳಿತಿರುವವನಿಗೆ ಈ ಒಂದು ಆಯ್ಕೆಯನ್ನಾದರೂ ಕೊಟ್ಟರೆ, ಹೇಳಿಕೊಳ್ಳುವುದೆಂದರೆ ಸಿಕ್ಕಿಬೀಳುವುದು ಎಂಬ ಭಾವನೆ ಸ್ವಲ್ಪವಾದರೂ ಸಡಿಲವಾಗುತ್ತದೆ.

ಆತನ ಭಯಕ್ಕೆ ಕಾರಣ ನನಗೆ ಅರ್ಥವಾಗುತ್ತದೆ. ನಮ್ಮ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಕೋರ್ಸಿಗೂ ಫೆಲೋಶಿಪ್ಪಿಗೂ ರಜೆಗೂ ಒಬ್ಬರೇ ಗೈಡ್ ಸಹಿ ಹಾಕಬೇಕಾಗಿ ಬರುವುದರಿಂದ, ಒಂದು ಕಡೆ ಬಾಯಿಬಿಟ್ಟರೆ ಎಲ್ಲ ಕಡೆಗೂ ತಲುಪುತ್ತದೆ ಎಂಬ ಎಚ್ಚರ ವಿದ್ಯಾರ್ಥಿಗೆ ಅಭ್ಯಾಸವಾಗಿಬಿಡುತ್ತದೆ. ಆಕ್ಸ್‌ಫರ್ಡ್‌ನ ಏರ್ಪಾಡು ಬೇರೆ. ಮಾರ್ಗದರ್ಶಕರು, ಲ್ಯಾಬು, ಥೀಸಿಸ್ಸಿನ ಮೌಲ್ಯಮಾಪನ ಇವೆಲ್ಲ ವಿಭಾಗ ಮತ್ತು ವಿಶ್ವವಿದ್ಯಾಲಯದ ಕಡೆಯವು. ವಸತಿ, ಊಟ, ನರ್ಸ್, ಕಾಲೇಜಿನ ವೈದ್ಯರು, ಹಣದ ಮುಗ್ಗಟ್ಟಿಗೆ ನೆರವು ಕಾಲೇಜಿನ ಕಡೆಯವು. ಪ್ರತಿ ಸಂಶೋಧಕರಿಗೂ ಕಾಲೇಜ್ ಅಡ್ವೈಸರ್ ಎಂದು ಒಬ್ಬರನ್ನು ಗೊತ್ತುಮಾಡಿರುತ್ತಾರೆ. ಇವರು ಮಾರ್ಗದರ್ಶಕರಲ್ಲದ ಬೇರೆಯೇ ವ್ಯಕ್ತಿ, ಸಂಶೋಧನೆಯ ಗುಣಮಟ್ಟ ಅಳೆಯುವುದು ಇವರ ಕೆಲಸವಲ್ಲ. ವೈದ್ಯರಾಗಲಿ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರಾಗಲಿ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ವಿಭಾಗಕ್ಕೆ ವಿಷಯ ತಿಳಿಸುವುದಿಲ್ಲ, ಮೇಲೆ ಹೇಳಿದ ಜೀವಾಪಾಯದ ಸಂದರ್ಭ ಬಿಟ್ಟು. ಥೀಸಿಸ್ಸನ್ನು ತೂಗುವವರು ಬೇರೆ, ಆರೋಗ್ಯ ವಿಚಾರಿಸುವವರು ಬೇರೆ ಎಂಬ ಈ ವಿಂಗಡಣೆಯೇ ಸಂಶೋಧಕರ ಪಾಲಿಗೆ ಕಾಲೇಜಿನ ಅತಿ ದೊಡ್ಡ ಉಪಯೋಗ ಎಂದು ನನ್ನ ಅಭಿಪ್ರಾಯ. ಔತಣಗಳೂ ಗೌನುಗಳೂ ಆಮೇಲಿನ ಮಾತು.

ವೀಸಾ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಖಿನ್ನತೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ವಿದ್ಯಾರ್ಥಿ ವೀಸಾ ಹೋಗುವುದಿಲ್ಲ. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಕಟ್ಟಿಯೇ ಬಂದಿರುವ ಆತನಿಗೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೈದ್ಯರನ್ನು ಕಾಣುವ ಹಕ್ಕಿದೆ. ಅಪಾಯವಿರುವುದು ಹೇಳದೆ ಕೇಳದೆ ಓದಿನಿಂದ ದೂರ ಉಳಿಯುವುದರಲ್ಲಿ, ಏಕೆಂದರೆ ವೀಸಾಗೆ ಪ್ರಾಯೋಜಕತ್ವ ಕೊಟ್ಟ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿ ನಿಜವಾಗಿ ಓದಿನಲ್ಲಿ ತೊಡಗಿದ್ದಾನೆಯೇ ಎಂದು ಗಮನಿಸುವ ಹೊಣೆಯಿದೆ. ಆತ ಎರಡನೇ ವರ್ಷದ ಆರಂಭದಲ್ಲಿರುವುದರಿಂದ ಟ್ರಾನ್ಸ್‌ಫರ್ ಆಫ್ ಸ್ಟೇಟಸ್ ಎಂಬ, ಸಂಶೋಧಕನನ್ನು ಡಿ.ಫಿಲ್.ಗೆ ಪೂರ್ಣವಾಗಿ ಸೇರಿಸಿಕೊಳ್ಳುವ ಮೊದಲ ದೊಡ್ಡ ಹಂತದ ಗಡುವೂ ಹತ್ತಿರದಲ್ಲಿದೆ; ವರ್ಷಕ್ಕೆ ಮೂರು ಟರ್ಮಿನ ಲೆಕ್ಕದಲ್ಲಿ, ಸಾಮಾನ್ಯವಾಗಿ ಅದು ನಾಲ್ಕನೇ ಟರ್ಮಿನೊಳಗೆ ಆಗಬೇಕು. ಗಡುವು ಮುಗಿಯುವ ಮುನ್ನ ವೈದ್ಯರ ಪತ್ರದೊಂದಿಗೆ ಕೇಳಿಕೊಂಡರೆ ಮುಂದೂಡಿಸಿಕೊಳ್ಳಲು ದಾರಿಯಿದೆ, ಮೌನದಿಂದ ಗಡುವು ದಾಟಿದರೆ ಅದೇ ದಾರಿ ಬಹಳ ಕಿರಿದಾಗುತ್ತದೆ. ಇಡೀ ಓದನ್ನೇ ಕೆಲವು ಟರ್ಮ್ ತಡೆಹಿಡಿಯುವ ಸಸ್ಪೆನ್ಷನ್ ಎಂಬ ವ್ಯವಸ್ಥೆಯೂ ಇದೆ. ಅದರ ಹೆಸರು ಶಿಕ್ಷೆಯಂತೆ ಕೇಳಿಸಿದರೂ ಅದು ಶಿಕ್ಷೆಯಲ್ಲ. ಆದರೆ ವೀಸಾದ ಮೇಲೆ ಇರುವವರಿಗೆ ದೀರ್ಘ ಸಸ್ಪೆನ್ಷನ್ ಎಂದರೆ ಊರಿಗೆ ಮರಳಬೇಕಾಗಿ ಬರಬಹುದಾದ್ದರಿಂದ, ಅದನ್ನು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರ ಜೊತೆ ಮಾತನಾಡದೆ ಯಾರೂ ನಿರ್ಧರಿಸಬಾರದು, ನೀವಂತೂ ಸಲಹೆ ಕೊಡಲೇಬೇಡಿ.

ಈಗ ನಿಮ್ಮ ಬಗ್ಗೆ. ಎಂಸಿಆರ್‌ನ ವೆಲ್‌ಫೇರ್ ಆಫೀಸರ್ ಎಂದರೆ ಸಂಬಳವಿಲ್ಲದ, ಸಹಪಾಠಿಗಳಿಂದ ಚುನಾಯಿತರಾದ ಒಬ್ಬ ವಿದ್ಯಾರ್ಥಿ. ಸರಿಯಾದ ಬಾಗಿಲು ಯಾವುದೆಂದು ತೋರಿಸುವುದು, ಬೇಕಾದರೆ ಅಲ್ಲಿಯವರೆಗೆ ಜೊತೆ ಹೋಗುವುದು ಅವರ ಕೆಲಸ. ಸಹಪಾಠಿಗಳ ಕಷ್ಟ ಕೇಳಿಸಿಕೊಳ್ಳುವ ವಿದ್ಯಾರ್ಥಿಗಳಾದ ಆಕ್ಸ್‌ಫರ್ಡ್‌ನ ಪಿಯರ್ ಸಪೋರ್ಟರ್‌ಗಳಿಗೆ ಹಲವು ಗಂಟೆಗಳ ತರಬೇತಿ ಕೊಡುತ್ತಾರೆ. ಅದಾದ ಮೇಲೂ ಅವರನ್ನು ತಮ್ಮ ಪಾಡಿಗೆ ಬಿಡುವುದಿಲ್ಲ. ಕೇಳಿದ್ದನ್ನು ಇಳಿಸಿಕೊಳ್ಳಲು ನಿಯತವಾಗಿ ಅನುಭವಿಗಳ ಮುಂದೆ ಕೂಡಿಸುತ್ತಾರೆ. ತರಬೇತಿ ಪಡೆದವರಿಗೇ ಅಷ್ಟು ಆಸರೆ ಬೇಕಾಗಿರುವಾಗ, ನೀವು ಒಬ್ಬರೇ ಇಡೀ ರಾತ್ರಿ ಫೋನ್ ಕಾಯುವುದನ್ನು ಕರ್ತವ್ಯವೆಂದು ನಾನು ಒಪ್ಪುವುದಿಲ್ಲ. ಕಾಲೇಜಿನ ನರ್ಸ್ ಅಥವಾ ವೆಲ್‌ಫೇರ್ ನೋಡಿಕೊಳ್ಳುವ ಅಧ್ಯಾಪಕರ ಬಳಿಗೆ ನೀವೇ ಹೋಗಿ, ಆತನ ಹೆಸರು ಹೇಳದೆ, ಇಂಥ ಪರಿಸ್ಥಿತಿಯಿದೆ ಏನು ಮಾಡಲಿ ಎಂದು ಕೇಳಬಹುದು. ಇದರಿಂದ ಭಾಷೆಗೂ ಭಂಗವಿಲ್ಲ. ವೆಲ್‌ಫೇರ್ ಆಫೀಸರ್ ಆದವರು ತಮಗೇ ನಿದ್ದೆಯಿಲ್ಲ ಎಂದು ನರ್ಸ್ ಬಳಿ ಹೋಗುವುದೇ ಎಂಬ ಸಂಕೋಚ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತಿದೆ. ಅದನ್ನು ದಯವಿಟ್ಟು ಬಿಡಿ.

ಹೊಸ ಮುಖಗಳ ನಡುವಿನ ಒಂಟಿತನ ನಿಮ್ಮ ಸ್ವಭಾವದ ಕೊರತೆಯೇನಲ್ಲ. ಅಧ್ಯಾಪಕರಿಗೆ ಸೀನಿಯರ್, ಪದವಿ ಓದುವವರಿಗೆ ಜೂನಿಯರ್ ಕಾಮನ್ ರೂಮ್ ಇದ್ದು, ಎರಡಕ್ಕೂ ಸಲ್ಲದೆ ಉಳಿದಿದ್ದ ಸ್ನಾತಕೋತ್ತರರಿಗೆಂದು ಲಿಂಕನ್ ಕಾಲೇಜು 1958ರಲ್ಲಿ ಮಿಡಲ್ ಕಾಮನ್ ರೂಮ್ ತೆರೆಯಿತು. 1962ರಲ್ಲಿ ಲಿನಕರ್‌ನಂಥ, ಸ್ನಾತಕೋತ್ತರರಿಗೇ ಮೀಸಲಾದ ಕಾಲೇಜೂ ಬಂತು. ಆದರೂ ಬಹುಪಾಲು ಕಾಲೇಜುಗಳ ಪಂಚಾಂಗ ಇಂದಿಗೂ ಪದವಿ ವಿದ್ಯಾರ್ಥಿಗಳದ್ದೇ. ಎಂಟು ವಾರಗಳ ಮೂರು ಟರ್ಮ್ ಸೇರಿದರೆ 24 ವಾರ, ಕೂಟಗಳೆಲ್ಲ ಹೆಚ್ಚಾಗಿ ಅವುಗಳೊಳಗೆ ಮುಗಿಯುತ್ತವೆ. ಸಂಶೋಧಕರು ಮಾತ್ರ ಉಳಿದ 28 ವಾರವೂ ಅಲ್ಲೇ ಇದ್ದು ಲ್ಯಾಬಿಗೂ ಗ್ರಂಥಾಲಯಕ್ಕೂ ಓಡಾಡುತ್ತಿರುತ್ತಾರೆ. ಇದರ ಜೊತೆಗೆ ಮಾಸ್ಟರ್ಸ್ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹೊರಟುಹೋಗುವುದರಿಂದ, ಮೂರು ನಾಲ್ಕು ವರ್ಷ ಇರುವವರು ಪ್ರತಿ ಅಕ್ಟೋಬರಿನಲ್ಲೂ ಸ್ನೇಹವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ನಿಮ್ಮ ಸ್ನೇಹಿತ ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೋಣೆ ಸೇರಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ವೆಲ್‌ಫೇರ್‌ಗೆ ಸಮಿತಿ ಕೊಡುವ ಹಣದಲ್ಲಿ ಒಂದು ಪಾಲನ್ನು ಡಿಸೆಂಬರ್ ಮತ್ತು ಆಗಸ್ಟ್‌ಗೆಂದು ತೆಗೆದಿಡಿ, ಎರಡನೇ ವರ್ಷದಿಂದ ಮೇಲಿನ ಸಂಶೋಧಕರನ್ನಷ್ಟೇ ಕರೆದು ಚಿಕ್ಕದಾಗಿ ಸೇರಿ. ಅದು ನಿಮಗೂ ಬೇಕಾದ ಕೂಟ.

ರಾಜೀನಾಮೆಯನ್ನು ಈ ವಾರ ಕೊಡಬೇಡಿ. ಆತನನ್ನು ವೈದ್ಯರ ಅಥವಾ ಸಮಾಲೋಚಕರ ಕೈಗೆ ಒಪ್ಪಿಸುವ ಮುನ್ನ ನೀವು ಹಿಂದೆ ಸರಿದರೆ, ಹೇಳಿಕೊಂಡದ್ದಕ್ಕೇ ಇವರು ದೂರವಾದರು ಎಂದು ಆತ ತಿಳಿಯಬಹುದು. ಅದಾದ ಮೇಲೂ ಅಧ್ಯಾಯ ಮುಂದೆ ಸಾಗದಿದ್ದರೆ ಟರ್ಮಿನ ಕೊನೆಗೆ ಜವಾಬ್ದಾರಿ ಬಿಟ್ಟುಕೊಡಿ. ಒಂಬತ್ತನೇ ಟರ್ಮಿನೊಳಗೆ ಡಿ.ಫಿಲ್.ನ ಎರಡನೇ ದೊಡ್ಡ ಹಂತವಾದ ನಿಮ್ಮದೇ ಕನ್ಫರ್ಮೇಷನ್ ಆಗಬೇಕಿದೆ, ಸಮಿತಿಯವರಿಗೆ ಆ ಒಂದು ಕಾರಣ ಸಾಕು. ಅಲ್ಲಿಯವರೆಗೆ, ಸಮಿತಿಯಲ್ಲಿ ಇನ್ನೊಬ್ಬರನ್ನು ಜೊತೆಗೆ ಹಾಕಿಸಿಕೊಂಡು, ರಾತ್ರಿ ಇಂತಿಷ್ಟು ಹೊತ್ತಿನ ನಂತರ ಸಂದೇಶಗಳಿಗೆ ಉತ್ತರಿಸುವುದಿಲ್ಲ, ತುರ್ತಿದ್ದರೆ ಲಾಡ್ಜ್‌ಗೆ ಕರೆ ಮಾಡಿ ಎಂದು ಎಂಸಿಆರ್‌ನ ಎಲ್ಲರಿಗೂ ಒಂದು ಇಮೇಲ್ ಕಳುಹಿಸಿ.