ಓದುಗರ ಪ್ರಶ್ನೆ: ಕತ್ತೆ ಸಿನಿಮಾ ಮಾಡಿದ ಚಿತ್ರಕಾರ

ಕಳೆದ ಸಂಚಿಕೆಯಲ್ಲಿ ಪೋಲೆಂಡಿನ ನಿರ್ದೇಶಕ ಯೆಜಿ ಸ್ಕೊಲಿಮೊವ್‌ಸ್ಕಿ ಅವರ ‘ಇಓ’ ಸಿನಿಮಾ ಬಗ್ಗೆ ಒಂದು ಪುಟ ಬರೆದಿದ್ದೆ. ಮೈಸೂರು, ಮಂಡ್ಯ ಕಡೆಯಿಂದ ಪತ್ರಗಳು ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಕೆಲವನ್ನು ಆರಿಸಿಕೊಂಡಿದ್ದೇನೆ.

ಮೇಡಂ, ನೀವು ಬರೆದಿದ್ದು ಓದಿ ‘ಇಓ’ ನೋಡಿದೆ. ಒಂದು ಕತ್ತೆ ಊರೂರು ಅಲೆಯುತ್ತದೆ, ಅಷ್ಟೆ. ಕಥೆಯೇ ಇಲ್ಲ ಅನ್ನಿಸಿತು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಬಟ್ಟೆ ಮೂಟೆ ಹೊತ್ತು ನಮ್ಮ ಬೀದಿಯಲ್ಲಿ ಹೋಗುತ್ತಿದ್ದ ಕತ್ತೆಗಳು ನೆನಪಾದವು. ಹೀಗೂ ಸಿನಿಮಾ ಮಾಡಬಹುದು ಅಂತ ಅವರಿಗೆ ಹೇಗೆ ಹೊಳೆಯಿತು?
— ಓದುಗಿ, ಕಲ್ಲಹಳ್ಳಿ, ಮಂಡ್ಯ

ನಿಮಗೆ ನಿದ್ದೆ ಬರಲಿಲ್ಲ ಅಂದರೆ ಸಿನಿಮಾ ನಿಮ್ಮನ್ನು ಮುಟ್ಟಿದೆ. ಹೊಳೆದದ್ದು ಹೇಗೆ ಎಂಬುದಕ್ಕೆ ಅವರೇ ಉತ್ತರ ಕೊಟ್ಟಿದ್ದಾರೆ. ಫ್ರಾನ್ಸಿನ ರಾಬರ್ಟ್ ಬ್ರೆಸೊನ್ 1966ರಲ್ಲಿ ಒಂದು ಕತ್ತೆಯ ಬದುಕನ್ನೇ ಸಿನಿಮಾ ಮಾಡಿದ್ದರು. ಸ್ಕೊಲಿಮೊವ್‌ಸ್ಕಿ ಕಣ್ಣೀರು ಹಾಕಿಕೊಂಡು ನೋಡಿದ ಒಂದೇ ಸಿನಿಮಾ ಅದಂತೆ. ಆ ಕಣ್ಣೀರು ಎಷ್ಟೋ ದಶಕ ಅವರೊಳಗೇ ಉಳಿದಿತ್ತು.

‘ಇಓ’ದಲ್ಲಿ ಅವರು ಕತ್ತೆಗೆ ಮಾತು ಕೊಟ್ಟಿಲ್ಲ, ಅದನ್ನು ನಗಿಸಿಲ್ಲ, ಅಳಿಸಿಲ್ಲ. ಕ್ಯಾಮೆರಾವನ್ನು ಅದರ ಕಣ್ಣಿನ ಹತ್ತಿರಕ್ಕೆ ತಂದು ಇಟ್ಟಿದ್ದಾರೆ. ಸರ್ಕಸ್‌ನಿಂದ ಹೊರಬಿದ್ದ ಕತ್ತೆ ಪೋಲೆಂಡ್ ದಾಟಿ ಇಟಲಿವರೆಗೂ ಹೋಗುತ್ತದೆ. ಸಿಕ್ಕ ಮನುಷ್ಯರಲ್ಲಿ ಒಬ್ಬರು ಮುದ್ದಿಸುತ್ತಾರೆ, ಒಬ್ಬರು ಹೊಡೆಯುತ್ತಾರೆ. ಯಾಕೆ ಹೊಡೆದರು ಅಂತ ಕತ್ತೆಗೂ ಗೊತ್ತಿಲ್ಲ, ನಮಗೂ ಯಾರೂ ಹೇಳುವುದಿಲ್ಲ. ನಿಮಗೆ ಕಥೆಯೇ ಇಲ್ಲ ಅನ್ನಿಸಿದ್ದು ಇದಕ್ಕೇ ಇರಬೇಕು. ಕತ್ತೆಯ ಪಾಲಿಗೆ ನಮ್ಮ ಲೋಕ ಇರುವುದೇ ಹಾಗೆ ಅಲ್ವಾ?

ಆ ಪಾತ್ರಕ್ಕೆ ಆರು ಕತ್ತೆಗಳನ್ನು ಬಳಸಿದ್ದರು. 2022ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಬಹುಮಾನ ಬಂತು. ಆಗ ಅವರಿಗೆ 84 ವರ್ಷ. ವೇದಿಕೆ ಹತ್ತಿ ಆರೂ ಕತ್ತೆಗಳ ಹೆಸರು ಹೇಳಿ ಧನ್ಯವಾದ ಹೇಳಿದರು. ಆ ಹೆಸರುಗಳನ್ನು ಇಲ್ಲಿಯೂ ಬರೆಯಬೇಕು ಅಂತ ನನ್ನ ಆಸೆ: ತಾಕೊ, ಹೋಲಾ, ಮಾರಿಯೆಟ್ಟಾ, ಎತ್ತೊರೆ, ರೊಕ್ಕೊ, ಮೇಲಾ.

ನಾನು ಹೈಸ್ಕೂಲ್ ಮೇಷ್ಟ್ರು. ಮಕ್ಕಳ ಜೊತೆ ಸೇರಿ ಮೊಬೈಲ್‌ನಲ್ಲಿ ಸಣ್ಣ ಸಿನಿಮಾ ಮಾಡುತ್ತೇನೆ. ದುಡ್ಡಿಲ್ಲ, ಜಾಗವಿಲ್ಲ. ಸ್ಕೊಲಿಮೊವ್‌ಸ್ಕಿ ವಿದ್ಯಾರ್ಥಿಯಾಗಿದ್ದಾಗಲೇ ಪೂರ್ತಿ ಸಿನಿಮಾ ಮಾಡಿಬಿಟ್ಟರು ಎಂದು ಬರೆದಿದ್ದಿರಿ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ.
— ಶಿಕ್ಷಕ, ಮದ್ದೂರು

ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಮೇಷ್ಟ್ರೇ.

ಪೋಲೆಂಡಿನ ವುಚ್ ನಗರದಲ್ಲಿ ಹೆಸರಾಂತ ಸಿನಿಮಾ ಶಾಲೆ ಇದೆ. ಅವರು ಹುಟ್ಟಿದ್ದೂ ಅದೇ ಊರಿನಲ್ಲಿ, 1938ರಲ್ಲಿ. ಶಾಲೆ ಮುಗಿಸಿದವರು ಮೊದಲು ಬೇರೆ ನಿರ್ದೇಶಕರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕಿತ್ತು. ಸ್ವಂತ ಸಿನಿಮಾ ಸಿಗುತ್ತಿದ್ದದ್ದು ಆಮೇಲೆ. ಇವರಿಗೆ ಅಷ್ಟು ಕಾಯುವ ಮನಸ್ಸಿರಲಿಲ್ಲ. ತರಗತಿಯ ಅಭ್ಯಾಸಕ್ಕೆಂದು ವಿದ್ಯಾರ್ಥಿಗಳಿಗೆ ಸ್ವಲ್ಪ ಸ್ವಲ್ಪ ಫಿಲಂ ರೀಲು ಕೊಡುತ್ತಿದ್ದರು. ಉಳಿದವರು ಪ್ರತಿ ಅಭ್ಯಾಸಕ್ಕೂ ಒಂದು ಬಿಡಿ ಚಿತ್ರ ಮಾಡಿದರೆ, ಇವರು ಪ್ರತಿ ಅಭ್ಯಾಸವನ್ನೂ ಒಂದೇ ದೊಡ್ಡ ಸಿನಿಮಾದ ತುಂಡು ಎಂದು ಮೊದಲೇ ಲೆಕ್ಕ ಹಾಕಿ ತೆಗೆದರು. ನಾಯಕ ಬೇರೆ ಬೇರೆ ವರ್ಷ ಬೇರೆ ಬೇರೆ ಮುಖ ಆಗಬಾರದಲ್ಲ? ಅದಕ್ಕೆ ಮುಖ್ಯ ಪಾತ್ರವನ್ನು ತಾವೇ ಮಾಡಿದರು. ಕೊನೆಗೆ ತುಂಡುಗಳನ್ನು ಜೋಡಿಸಿದಾಗ ‘ರಿಸೊಪಿಸ್’ ಎಂಬ ಪೂರ್ಣ ಚಿತ್ರ ಸಿಕ್ಕಿತು. ವರ್ಷ 1964. ಅದರ ಕಥೆಯೂ ಸರಳ: ಸೈನ್ಯಕ್ಕೆ ಹೊರಟ ಹುಡುಗನೊಬ್ಬನ ಕೊನೆಯ ಕೆಲವು ಗಂಟೆಗಳು.

ಮುಂದಿನ ವರ್ಷದ ‘ವಾಲ್ಕೋವರ್’ನಲ್ಲೂ ಅದೇ ಪಾತ್ರ, ಈ ಸಲ ಬಾಕ್ಸರ್. ಕಾಲೇಜಿನಲ್ಲಿ ಅವರು ನಿಜವಾಗಿಯೂ ಬಾಕ್ಸಿಂಗ್ ಮಾಡುತ್ತಿದ್ದರು.

ಇನ್ನೊಂದು ಉದಾಹರಣೆ ನಿಮ್ಮ ‘ಜಾಗವಿಲ್ಲ’ ಎಂಬ ಮಾತಿಗೆ. 1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಾಯಿತು. ಆಗ ಅವರು ಲಂಡನ್‌ನಲ್ಲಿದ್ದರು. ತಮ್ಮ ಸ್ವಂತ ಮನೆಯಲ್ಲೇ ‘ಮೂನ್‌ಲೈಟಿಂಗ್’ ಚಿತ್ರೀಕರಿಸಿದರು. ಮನೆ ರಿಪೇರಿಗೆ ಲಂಡನ್‌ಗೆ ಬಂದ ನಾಲ್ಕು ಜನ ಪೋಲಿಷ್ ಕೆಲಸಗಾರರ ಕಥೆ ಅದು. ಇಂಗ್ಲಿಷ್ ಬರುವುದು ಮೇಸ್ತ್ರಿಗೆ ಮಾತ್ರ. ಊರಿನಲ್ಲಿ ಏನಾಗಿದೆ ಎಂಬ ಸುದ್ದಿಯನ್ನು ಅವನು ಉಳಿದ ಮೂವರಿಂದ ಮುಚ್ಚಿಡುತ್ತಾನೆ. 1982ರ ಮೇ ಹೊತ್ತಿಗೆ ಆ ಚಿತ್ರ ಕಾನ್‌ನಲ್ಲಿತ್ತು, ಚಿತ್ರಕಥೆಗೆ ಬಹುಮಾನವೂ ಬಂತು. ಘಟನೆ ನಡೆದು ಆರು ತಿಂಗಳೂ ಆಗಿರಲಿಲ್ಲ!

ಮಕ್ಕಳಿಗೆ ಈ ವರ್ಷ ಬಿಡಿಬಿಡಿ ಚಿತ್ರ ಬೇಡ. ಒಂದೇ ಹುಡುಗಿ, ಒಂದೇ ಮನೆ ಇಟ್ಟುಕೊಳ್ಳಿ. ಶಾಲೆ ಶುರುವಾದಾಗ ಒಂದು ತುಂಡು, ದಸರಾ ರಜೆಯಲ್ಲಿ ಒಂದು, ಸಂಕ್ರಾಂತಿಗೆ ಒಂದು. ಪರೀಕ್ಷೆಗೆ ಮುಂಚೆ ಜೋಡಿಸಿ ನೋಡಿ.

ನಾನು ಮೈಸೂರಿನ ಟಾಕೀಸುಗಳಿಗೆ ಬ್ಯಾನರ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ನಾಲ್ಕು ಕಣ್ಣಿನ ಸ್ಟಾಲಿನ್ ಎಂದು ಒಂದು ಸಾಲು ಬರೆದಿದ್ದಿರಿ. ಅದೇನದು ತಾಯಿ?
— ಓದುಗ, ಮಂಡಿ ಮೊಹಲ್ಲಾ, ಮೈಸೂರು

ಅಣ್ಣಾ, ಆ ದೃಶ್ಯ ಇನ್ಯಾರಿಗಿಂತಲೂ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡ ಮುಖ ಬರೆಯುವಾಗ ಚೌಕ ಎಳೆದು, ತುಂಡು ತುಂಡಾಗಿ ಬರೆದು, ಮೇಲೇರಿ ಜೋಡಿಸುತ್ತಿದ್ದಿರಿ ಅಲ್ವಾ? 1967ರ ‘ಹ್ಯಾಂಡ್ಸ್ ಅಪ್’ನಲ್ಲಿ ವಿದ್ಯಾರ್ಥಿಗಳಿಗೆ ಅಂಥದ್ದೇ ಕೆಲಸ ಬೀಳುತ್ತದೆ. ಸೋವಿಯತ್ ನಾಯಕ ಸ್ಟಾಲಿನ್‌ನ ದೊಡ್ಡ ಚಿತ್ರವನ್ನು ತುಂಡುಗಳಿಂದ ಜೋಡಿಸಬೇಕು. ಜೋಡಿಸಿದ ಮೇಲೆ ನೋಡಿದರೆ ಕಣ್ಣಿನ ಸಾಲು ಎರಡು ಸಲ ಬಂದಿದೆ. ಮುಖಕ್ಕೆ ನಾಲ್ಕು ಕಣ್ಣು.

ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಅದನ್ನು ಸಹಿಸಲಿಲ್ಲ. ಸಿನಿಮಾವನ್ನೇ ನಿಷೇಧಿಸಿದರು. ಅದೇ ವರ್ಷ ಅವರು ಬೆಲ್ಜಿಯಂನಲ್ಲಿ ಮಾಡಿದ ‘ಲ ದೆಪಾರ್’ಗೆ ಬರ್ಲಿನ್‌ನಲ್ಲಿ ಅಲ್ಲಿನ ಚಿತ್ರೋತ್ಸವದ ದೊಡ್ಡ ಬಹುಮಾನವಾದ ಚಿನ್ನದ ಕರಡಿ ಬಂದಿತ್ತು. ಹೊರಗೆ ಆ ಗೌರವ, ಸ್ವಂತ ದೇಶದಲ್ಲಿ ಡಬ್ಬಿಯೊಳಗೆ ಬೀಗ. ಅವರು ಪೋಲೆಂಡ್ ಬಿಟ್ಟರು. ‘ಹ್ಯಾಂಡ್ಸ್ ಅಪ್’ ಡಬ್ಬಿಯಿಂದ ಹೊರಬಂದದ್ದು 1981ರಲ್ಲಿ. ಆಗ ಹೊಸದಾಗಿ ಒಂದು ಪೀಠಿಕೆ ಚಿತ್ರೀಕರಿಸಿ ಮುಂದೆ ಸೇರಿಸಿದರು. ಹದಿನಾಲ್ಕು ವರ್ಷ, ನಾಲ್ಕು ಕಣ್ಣಿಗಾಗಿ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಹಳೆಯ ಬ್ಯಾನರುಗಳ ಫೋಟೋ ಇದ್ದರೆ ದಯವಿಟ್ಟು ಕಳಿಸಿಕೊಡಿ. ಪತ್ರಿಕೆಯಲ್ಲಿ ಹಾಕಿಸುತ್ತೇನೆ.

ಮೇಡಂ, ನಾನು ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಪೇಂಟಿಂಗ್ ಓದಿದವಳು. ಈಗ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಕವಿತೆಯನ್ನೂ ಬರೆಯುತ್ತೇನೆ. ಬ್ರಷ್ ಹಿಡಿದು ಬಹಳ ದಿನ ಆಯಿತು. ಸೋದರಮಾವ ಬಂದಾಗಲೆಲ್ಲ ‘ಯಾವುದಾದರೂ ಒಂದನ್ನು ಹಿಡಿಯಮ್ಮ, ಎಲ್ಲಕ್ಕೂ ಕೈ ಹಾಕಿದರೆ ಯಾವುದೂ ಕೈಗೆ ಹತ್ತಲ್ಲ’ ಅನ್ನುತ್ತಾರೆ. ನೀವೇನಂತೀರಿ?
— ಓದುಗಿ, ಸರಸ್ವತಿಪುರಂ, ಮೈಸೂರು

ಮಾವ ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೂ ನಾನು ಅವರ ಮಾತು ಒಪ್ಪುವುದಿಲ್ಲ. ನಾನೂ ಮೂವತ್ತು ವರ್ಷದಷ್ಟು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು. ಎರಡು ಕಲೆ ಇರುವ ಮಕ್ಕಳಿಗೆ ದೊಡ್ಡವರು ಈ ಮಾತು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಬೇಜಾರಾಗಿದೆ.

ಸ್ಕೊಲಿಮೊವ್‌ಸ್ಕಿ ಮೊದಲು ಕವಿ. ಇಪ್ಪತ್ತು ದಾಟುತ್ತಿದ್ದಂತೆ ಕವಿತೆಗಳು ಪುಸ್ತಕವಾಗಿದ್ದವು. ಪೋಲೆಂಡಿನ ಹೆಸರಾಂತ ನಿರ್ದೇಶಕ ಆಂದ್ರೇಯ್ ವಾಯ್ದಾ ಅವರ ಚಿತ್ರವೊಂದಕ್ಕೆ ಚಿತ್ರಕಥೆಯಲ್ಲಿ ಕೈಜೋಡಿಸಿದರು, ಅದರಲ್ಲೇ ಸಣ್ಣ ಪಾತ್ರವನ್ನೂ ಮಾಡಿದರು. 1962ರಲ್ಲಿ ಇನ್ನೊಬ್ಬ ನಿರ್ದೇಶಕ ಪೊಲಾನ್‌ಸ್ಕಿಯ ‘ನೈಫ್ ಇನ್ ದ ವಾಟರ್’ ಬರೆದವರಲ್ಲಿ ಇವರೂ ಒಬ್ಬರು. ಆಮೇಲೆ ನಿರ್ದೇಶನ, ಅದರ ಜೊತೆಗೇ ನಟನೆ.

ನಿಮಗೆ ಮುಖ್ಯವಾದದ್ದು 1991. ಆ ವರ್ಷ ಪೋಲಿಷ್ ಕಾದಂಬರಿಯೊಂದನ್ನು ಸಿನಿಮಾ ಮಾಡಿದರು. ಮಾಡಿದ್ದು ಅವರಿಗೇ ತೃಪ್ತಿ ಕೊಡಲಿಲ್ಲ. ಸಿನಿಮಾ ನಿಲ್ಲಿಸಿಬಿಟ್ಟರು! ಕ್ಯಾಲಿಫೋರ್ನಿಯಾದಲ್ಲಿ ಕೂತು ಚಿತ್ರ ಬರೆದರು. ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳು. ಮುಂದಿನ ಸಿನಿಮಾ ‘ಫೋರ್ ನೈಟ್ಸ್ ವಿತ್ ಅನ್ನಾ’ ಬಂದದ್ದು 2008ರಲ್ಲಿ. ನಡುವೆ ಹದಿನೇಳು ವರ್ಷ.

ಆ ಹದಿನೇಳು ವರ್ಷ ವ್ಯರ್ಥವಾಯಿತು ಎನ್ನುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಿನಿಮಾಕ್ಕೆ ದುಡ್ಡು ಹಾಕುವವರು ಬೇಕು, ಕಲಾವಿದರು ಬೇಕು, ಒಪ್ಪಿಗೆ ಬೇಕು. ಕ್ಯಾನ್ವಾಸ್ ಮುಂದೆ ನಿಂತವರು ಯಾರನ್ನೂ ಕೇಳಬೇಕಿಲ್ಲ. ಸಿನಿಮಾ ಕೈಕೊಟ್ಟಾಗ ಅವರ ಹತ್ತಿರ ಬ್ರಷ್ ಇತ್ತು, ಹಾಗಾಗಿ ಕಲೆ ನಿಲ್ಲಲಿಲ್ಲ. ಒಂದನ್ನೇ ಹಿಡಿದಿದ್ದರೆ ಬಹುಶಃ ತೃಪ್ತಿಯಿಲ್ಲದ ಸಿನಿಮಾಗಳನ್ನೇ ಸುಮ್ನೆ ಮಾಡುತ್ತಾ ಹೋಗುತ್ತಿದ್ದರು.

ತಿರುಗಿ ಬಂದ ಮೇಲಿನ ಚಿತ್ರಗಳನ್ನು ನೋಡಿ. 2010ರ ‘ಎಸೆನ್ಷಿಯಲ್ ಕಿಲ್ಲಿಂಗ್’ನಲ್ಲಿ ಹಿಮದ ಕಾಡಿನಲ್ಲಿ ಓಡುವ ನಾಯಕ ಒಂದು ಮಾತೂ ಆಡುವುದಿಲ್ಲ. ಬಿಳಿ ನೆಲ, ಅದರ ಮೇಲೆ ಒಂದು ದೇಹ. ವೆನಿಸ್‌ನಲ್ಲಿ ಆ ನಟನಿಗೇ ಬಹುಮಾನ ಸಿಕ್ಕಿತು. ‘ಇಓ’ ಶುರುವಾಗುವುದೇ ಕೆಂಪು ಬೆಳಕಿನಲ್ಲಿ. ಮಾತಿಲ್ಲದೆ ಬಣ್ಣದಿಂದಲೇ ಹೇಳುವ ಈ ಧೈರ್ಯ ಕ್ಯಾನ್ವಾಸ್ ಮುಂದೆ ಕಳೆದ ವರ್ಷಗಳಿಂದ ಬಂದದ್ದು ಅಂತ ನನ್ನ ನಂಬಿಕೆ. ನಮ್ಮ ರಂಗಾಯಣದ ಮೊದಲ ನಿರ್ದೇಶಕರಾದ ಬಿ. ವಿ. ಕಾರಂತರು ನಾಟಕ ಮಾಡಿಸಿದರು, ಸಂಗೀತ ಕಟ್ಟಿದರು, ಸಿನಿಮಾ ನಿರ್ದೇಶಿಸಿದರು. ಅವರ ನಾಟಕದಿಂದ ಸಂಗೀತವನ್ನು ಬೇರೆ ಮಾಡಿ ತೆಗೆಯಲು ಆಗುತ್ತದಾ?

ಎಡಿಟಿಂಗ್ ಕೆಲಸ ಬಿಡಬೇಡಿ. ಸಂಬಳ ಬೇಕು, ಅದರಲ್ಲಿ ಯಾವ ಸಣ್ಣತನವೂ ಇಲ್ಲ. ಧಾರೆಯ ಹೊತ್ತಿನಲ್ಲಿ ಹುಡುಗಿಯ ತಾಯಿಯ ಮುಖವನ್ನು ಎಷ್ಟು ಹೊತ್ತು ತೆರೆಯ ಮೇಲೆ ಉಳಿಸಬೇಕು ಅಂತ ನೀವು ದಿನಾ ತೀರ್ಮಾನಿಸುತ್ತೀರಿ. ಅದೂ ಚಿತ್ರಕಾರರ ಕಣ್ಣೇ. ಭಾನುವಾರ ಮಾತ್ರ ಬ್ರಷ್ ತೊಳೆದು ಇಟ್ಟುಕೊಳ್ಳಿ. ಒಂದು ಸಣ್ಣ ಹಲಗೆ ಸಾಕು. ಅವರ 1970ರ ‘ಡೀಪ್ ಎಂಡ್’ ಸಿಕ್ಕರೆ ನೋಡಿ. ನಾಯಕಿಯ ಹಳದಿ ಕೋಟನ್ನು ಯಾವ ಯಾವ ಗೋಡೆಯ ಮುಂದೆ ನಿಲ್ಲಿಸಿದ್ದಾರೆ ಎಂದು ಗಮನಿಸಿ, ನನಗೆ ಬರೆಯಿರಿ. ಮಾವನಿಗೂ ತೋರಿಸಿ.

ಈ ನಿರ್ದೇಶಕರು ‘ಅವೆಂಜರ್ಸ್’ನಲ್ಲಿ ಇದ್ದಾರೆ ಅಂತ ನನ್ನ ಮಗ ಹಟ ಮಾಡುತ್ತಾನೆ. ನಿಜವಾ?
— ಓದುಗ, ಶ್ರೀರಂಗಪಟ್ಟಣ

ಮಗ ಹೇಳಿದ್ದು ನಿಜ. 2012ರ ಆ ಹಾಲಿವುಡ್ ಚಿತ್ರದ ಶುರುವಿನಲ್ಲಿ ಬ್ಲ್ಯಾಕ್ ವಿಡೋ ಎಂಬ ಸಾಹಸಿ ನಾಯಕಿಯನ್ನು ಕುರ್ಚಿಗೆ ಕಟ್ಟಿ ಪ್ರಶ್ನೆ ಕೇಳುವ ರಷ್ಯನ್ ಮುದುಕ ಇವರೇ. 2007ರ ‘ಈಸ್ಟರ್ನ್ ಪ್ರಾಮಿಸಸ್’ನಲ್ಲಿ ನಾಯಕಿಯ ಚಿಕ್ಕಪ್ಪನ ಪಾತ್ರವೂ ಇವರದೇ. ಮಗ ಚಿಕ್ಕವನಾದರೆ ‘ಇಓ’ ತೋರಿಸುವ ಮುಂಚೆ ನೀವೊಮ್ಮೆ ಪೂರ್ತಿ ನೋಡಿಬಿಡಿ. ಅದರಲ್ಲಿ ಕತ್ತೆಗೆ ಪೆಟ್ಟು ಬೀಳುವ ದೃಶ್ಯವಿದೆ, ಕೊನೆಯೂ ಕಠಿಣವಾಗಿದೆ.